‘ನೆರವು ಕೇಳಿದ್ದಕ್ಕೇ ಮಗಳಿಗೆ ಸೀಟು ತಪ್ಪಿತಾ?’

ಪ್ರಶ್ನೆ: ಮೇಡಂ, ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ನಾಲ್ಕು ಎಕರೆ ಅಡಿಕೆ ತೋಟ. ಮೂರು ವರ್ಷದಿಂದ ಎಲೆಚುಕ್ಕಿ ರೋಗ ಬಂದು ಫಸಲು ಅರ್ಧಕ್ಕೆ ಇಳಿದಿದೆ. ಮಗಳು ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದಿದಳು. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 619. ಅಮೆರಿಕದ ಕಾಲೇಜುಗಳಿಗೆ ಬರೆಯುವ ಸ್ಯಾಟ್‌ ಪರೀಕ್ಷೆಯಲ್ಲಿ 1600ಕ್ಕೆ 1530. ಬಯಾಲಜಿ ಅಂದರೆ ಅವಳಿಗೆ ಪ್ರಾಣ. ತಾನೇ ಎಲ್ಲ ಓದಿಕೊಂಡು ಅಮೆರಿಕದ ಒಂಬತ್ತು ಕಡೆ ಅರ್ಜಿ ಹಾಕಿದಳು: ಎಂಐಟಿ, ಹಾರ್ವರ್ಡ್, ಪ್ರಿನ್ಸ್‌ಟನ್, ಯೇಲ್, ಸ್ಟ್ಯಾನ್‌ಫರ್ಡ್, ಕ್ಯಾಲ್‌ಟೆಕ್, ಕೊಲಂಬಿಯಾ, ಡ್ಯೂಕ್, ಕಾರ್ನೆಲ್. ಎಲ್ಲ ಕಡೆ ಪೂರ್ತಿ ಹಣದ ನೆರವು ಕೇಳಿದ್ದೆವು. ಎಂಟು ಕಡೆ ಇಲ್ಲ ಅಂದರು. ಕಾರ್ನೆಲ್‌ನಲ್ಲಿ ವೇಟಿಂಗ್ ಲಿಸ್ಟ್. ಹತ್ತು ದಿನದಿಂದ ಅವಳು ಸರಿಯಾಗಿ ಊಟ ಮಾಡುತ್ತಿಲ್ಲ, ಸಿಇಟಿ ಪುಸ್ತಕ ಮುಟ್ಟಿಲ್ಲ, ಮೊನ್ನೆ ಚಿಕ್ಕಮ್ಮನ ಮನೆ ಗೃಹಪ್ರವೇಶಕ್ಕೂ ಬರಲಿಲ್ಲ. ಒಬ್ಬ ಏಜೆಂಟರು ‘ನೆರವು ಕೇಳಿದ್ದೇ ತಪ್ಪು, ಈಗಲೂ ಬೇರೆ ಕಾಲೇಜಿನಲ್ಲಿ ಅರ್ಧ ಸ್ಕಾಲರ್‌ಶಿಪ್ ಕೊಡಿಸುತ್ತೇನೆ, ನನ್ನ ಫೀಸು ಮೂರು ಲಕ್ಷ’ ಅನ್ನುತ್ತಾರೆ. ನನ್ನ ಕೈಲಿ ದುಡ್ಡಿಲ್ಲ ಅನ್ನೋ ಕಾರಣಕ್ಕೆ ಮಗಳ ದಾರಿ ಮುಚ್ಚಿತಾ? ತೋಟ ಅಡ ಇಟ್ಟಾದರೂ ಕಳಿಸಲಾ?

ಒಬ್ಬ ತಂದೆ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಗಳ ಪ್ರಬಂಧವನ್ನೂ ಕಾಲೇಜಿನ ಶಿಫಾರಸು ಪತ್ರವನ್ನೂ ಅವಳನ್ನು ಕೇಳಿಯೇ ಕಳಿಸಿದ್ದೀರಿ, ಅದರಿಂದ ತುಂಬ ಅನುಕೂಲ ಆಯಿತು. ತೋಟದ ವಿಷಯ, ಏಜೆಂಟರ ವಿಷಯ ಆಮೇಲೆ ಹೇಳುತ್ತೇನೆ. ನಿಮಗೆ ನಿದ್ದೆ ಬಾರದ ಹಾಗೆ ಮಾಡಿರೋದು ಇವೆರಡೂ ಅಲ್ಲ. ‘ನಾನು ದುಡ್ಡಿರುವ ಅಪ್ಪ ಆಗಿದ್ದರೆ ಅವಳಿಗೆ ಸಿಗುತ್ತಿತ್ತಾ?’ ಅನ್ನೋ ಪ್ರಶ್ನೆ. ಹೊರದೇಶಕ್ಕೆ ಅರ್ಜಿ ಹಾಕುವ ಮಕ್ಕಳಿಗೆ ಸಲಹೆ ಕೊಡುವ ಕೆಲಸವನ್ನು ಹದಿನಾರು ವರ್ಷದಿಂದ ಮಾಡುತ್ತಿದ್ದೇನೆ. ಪ್ರತಿ ಏಪ್ರಿಲ್‌ನಲ್ಲಿ ಯಾರೋ ಒಬ್ಬ ತಂದೆಯೋ ತಾಯಿಯೋ ಇದನ್ನೇ ದನಿ ತಗ್ಗಿಸಿ ಕೇಳುತ್ತಾರೆ. ಹಾಗಾಗಿ ಮೊದಲು ಇದಕ್ಕೇ ಉತ್ತರ.

ನೀವು ಬರೆದಿರುವ ಒಂಬತ್ತು ಹೆಸರುಗಳಲ್ಲಿ ನಾಲ್ಕನ್ನು ಬೇರೆ ಇಡಿ: ಎಂಐಟಿ, ಹಾರ್ವರ್ಡ್, ಪ್ರಿನ್ಸ್‌ಟನ್, ಯೇಲ್. ಈ ನಾಲ್ಕರಲ್ಲಿ ಹೊರದೇಶದ ಮಕ್ಕಳ ಅರ್ಜಿ ನೋಡುವಾಗಲೂ ನೆರವು ಕೇಳಿದ್ದಾರಾ ಇಲ್ಲವಾ ಅನ್ನೋದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೀಟು ಕೊಟ್ಟರೆ, ಮನೆಯವರ ಕೈಲಿ ಆಗದ ಅಷ್ಟೂ ಹಣವನ್ನು ಅವರೇ ತುಂಬುತ್ತಾರೆ. ಅಮ್ಹರ್ಸ್ಟ್, ಡಾರ್ಟ್‌ಮತ್, ಬೋಡನ್ ಥರದ ಇನ್ನೂ ಕೆಲವು ಕಾಲೇಜುಗಳದ್ದೂ ಇದೇ ನಿಯಮ. ಅಲ್ಲಿಗೆ ಈ ನಾಲ್ಕು ಕಡೆ ನಿಮ್ಮ ಬಡತನಕ್ಕೂ ಅವರು ಇಲ್ಲ ಅಂದಿದ್ದಕ್ಕೂ ಸಂಬಂಧ ಇಲ್ಲ. ನಿಮಗೆ ನಾಲ್ಕು ಎಕರೆ ಬದಲು ನಲವತ್ತು ಎಕರೆ ಇದ್ದಿದ್ದರೂ ಉತ್ತರ ಅದೇ ಬರುತ್ತಿತ್ತು.

ಉಳಿದ ಐದರ ಕಥೆ ಬೇರೆ. ಸ್ಟ್ಯಾನ್‌ಫರ್ಡ್, ಕ್ಯಾಲ್‌ಟೆಕ್, ಕೊಲಂಬಿಯಾ, ಡ್ಯೂಕ್, ಕಾರ್ನೆಲ್ ಐದರಲ್ಲೂ ಹೊರದೇಶದ ವಿದ್ಯಾರ್ಥಿ ನೆರವು ಕೇಳಿದ್ದನ್ನು ಪರಿಗಣಿಸುತ್ತಾರೆ. ಇದನ್ನು ಅವರು ಮುಚ್ಚಿಟ್ಟಿಲ್ಲ, ತಮ್ಮ ನಿಯಮದಲ್ಲೇ ಹೇಳಿಕೊಂಡಿದ್ದಾರೆ. ಹೊರದೇಶದವರ ನೆರವಿಗೆ ಅಂತ ಒಂದು ಗಂಟು ಇರುತ್ತದೆ. ಇಡೀ ಪ್ರಪಂಚದ ಮಕ್ಕಳು ಅದರಲ್ಲೇ ಹಂಚಿಕೊಳ್ಳಬೇಕು. ಆದ್ದರಿಂದ ಈ ಐದು ಕಡೆ ದುಡ್ಡಿನ ಮಾತು ತೂಕಕ್ಕೆ ಬಂದಿರುತ್ತದೆ, ಸುಳ್ಳು ಹೇಳಿ ನಿಮ್ಮನ್ನು ಸಮಾಧಾನ ಮಾಡುವುದಿಲ್ಲ. ಒಬ್ಬಳ ಫೈಲಿನಲ್ಲಿ ಅದು ಎಷ್ಟು ತೂಗಿತು ಅಂತ ಹೊರಗಿನವರು ಯಾರೂ ಹೇಳಲಾರರು.

ಹಾಗಂತ ಏಜೆಂಟರು ಹೇಳಿದ ಹಾಗೆ ನೆರವು ಕೇಳದೇ ಅರ್ಜಿ ಹಾಕಬಹುದಿತ್ತಾ? ಹಾಕಿ, ಸೀಟೂ ಸಿಕ್ಕಿತು ಅಂದುಕೊಳ್ಳಿ. ಈ ದೊಡ್ಡ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಫೀಸು, ಊಟ, ವಸತಿ ಸೇರಿ ವರ್ಷಕ್ಕೆ 85 ಸಾವಿರ ಡಾಲರ್ ದಾಟುತ್ತದೆ. ಡಾಲರಿಗೆ 85 ರೂಪಾಯಿ ಅಂತ ಹಿಡಿದರೂ ಎಪ್ಪತ್ತು ಲಕ್ಷದ ಮೇಲೆ. ಅದು ಒಂದು ವರ್ಷಕ್ಕೆ. ‘ಮೊದಲು ಸೇರಿಕೊಳ್ಳೋಣ, ಆಮೇಲೆ ನೆರವು ಕೇಳೋಣ’ ಅನ್ನೋ ಉಪಾಯವೂ ನಡೆಯುವುದಿಲ್ಲ. ಹೊರದೇಶದ ವಿದ್ಯಾರ್ಥಿ ಅರ್ಜಿ ಹಾಕುವಾಗ ನೆರವು ಕೇಳದಿದ್ದರೆ ಮುಂದೆ ನಾಲ್ಕು ವರ್ಷವೂ ಕೇಳುವ ಹಾಗಿಲ್ಲ ಅಂತ ಸ್ಟ್ಯಾನ್‌ಫರ್ಡ್ ಸೇರಿ ಹಲವು ಕಡೆ ನಿಯಮ ಇದೆ. ನೀವು ನೆರವು ಕೇಳಿದ್ದು ಸರಿಯಾದ ಕೆಲಸ. ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೀರಿ. ಆದಾಯ ತೋರಿಸೋಕೆ ಮೂರು ವರ್ಷದ ಮಂಡಿ ಚೀಟಿಗಳನ್ನು ಜೋಡಿಸಿ, ಒಂದೊಂದನ್ನೂ ಮಗಳು ಇಂಗ್ಲಿಷಿಗೆ ಮಾಡಿ ಕಳಿಸಿದಳು ಅಂತ ಬರೆದಿದ್ದೀರಲ್ಲ, ಅದನ್ನು ಓದುವಾಗ ನನ್ನ ಕಣ್ಣು ತುಂಬಿತು. ಸಂಬಳದ ಚೀಟಿ ಇರುವ ಮನೆಗಳಿಗೆ ಅರ್ಧ ಗಂಟೆಯ ಕೆಲಸ ಅದು. ಕೃಷಿ ಆದಾಯದ ಮನೆಗೆ ಒಂದು ತಿಂಗಳ ಕೆಲಸ.

ಹಾಗಾದರೆ ಆ ನಾಲ್ಕು ಕಡೆ ಯಾಕೆ ಇಲ್ಲ ಅಂದರು? ಸಂಖ್ಯೆ ನೋಡಿ. 2024ರಲ್ಲಿ ಹಾರ್ವರ್ಡಿಗೆ 54,008 ಅರ್ಜಿ ಬಂದವು. ಸೀಟು ಕೊಟ್ಟದ್ದು 1,937 ಜನರಿಗೆ. ಎಂಐಟಿಗೆ ಅದೇ ವರ್ಷ 28 ಸಾವಿರ ದಾಟಿತ್ತು, ಕೊಟ್ಟದ್ದು 1,300ಕ್ಕಿಂತ ಕಡಿಮೆ. ಇದರಲ್ಲಿ ಅಮೆರಿಕದ ಮಕ್ಕಳೇ ಜಾಸ್ತಿ. ಎಂಐಟಿಯ ಒಂದು ಬ್ಯಾಚಿನಲ್ಲಿ ಹೊರದೇಶದವರು ಹತ್ತರಲ್ಲಿ ಒಬ್ಬರು. ಅಂದರೆ ಚೀನಾ, ಭಾರತ, ಬ್ರೆಜಿಲ್, ನೈಜೀರಿಯಾ, ಯುರೋಪು ಎಲ್ಲ ಸೇರಿ ನೂರು ಚಿಲ್ಲರೆ ಮಕ್ಕಳು. ಹೊರದೇಶದಿಂದ ಅರ್ಜಿ ಹಾಕಿದ ನೂರು ಮಕ್ಕಳಲ್ಲಿ ಸುಮಾರು ಇಬ್ಬರಿಗೆ ಸಿಗುತ್ತದೆ. ಉಳಿದ 98 ಮಕ್ಕಳಲ್ಲಿ ದಡ್ಡರು ಇರುವುದಿಲ್ಲ. ಅವರೆಲ್ಲ ಅವರವರ ಊರಿನ ನಿಮ್ಮ ಮಗಳು.

‘625ಕ್ಕೆ 625 ಬಂದಿದ್ದರೆ?’ ಅಂತ ಅವಳು ನಿಮ್ಮನ್ನು ಕೇಳಿದಳಂತೆ. 2018ರಲ್ಲಿ ಹಾರ್ವರ್ಡಿನ ಪ್ರವೇಶ ಪದ್ಧತಿಯ ಮೇಲಿನ ಕೇಸು ಬಾಸ್ಟನ್ನಿನ ಕೋರ್ಟಿನಲ್ಲಿ ವಿಚಾರಣೆಗೆ ಬಂತು. ಆಗ ಒಂದು ವರ್ಷದ ಲೆಕ್ಕ ಹೊರಬಿತ್ತು. ಅಮೆರಿಕದೊಳಗಿನಿಂದ ಬಂದ ಸುಮಾರು 26,000 ಅರ್ಜಿಗಳಲ್ಲಿ 8,000ಕ್ಕಿಂತ ಜಾಸ್ತಿ ಮಕ್ಕಳಿಗೆ ಶಾಲೆಯಲ್ಲಿ ಪೂರ್ತಿ ಅಂಕ ಬಂದಿತ್ತು. ಸುಮಾರು 3,500 ಮಕ್ಕಳಿಗೆ ಸ್ಯಾಟ್ ಗಣಿತದಲ್ಲಿ ಪೂರ್ತಿ ಅಂಕ. ಇದ್ದ ಸೀಟು ಎರಡು ಸಾವಿರದ ಒಳಗೆ. ಪೂರ್ತಿ ಅಂಕ ತೆಗೆದವರಲ್ಲೇ ಬಹುಪಾಲು ಮಕ್ಕಳು ವಾಪಸ್ ಹೋದರು. ಜೊತೆಗೆ ಅಲ್ಲಿ ಓದಿದವರ ಮಕ್ಕಳು, ತಂಡಕ್ಕೆ ಬೇಕಾದ ಆಟಗಾರರು, ಇವರಿಗೆಲ್ಲ ಬೇರೆಯವರಿಗಿಂತ ಎಷ್ಟೋ ಪಟ್ಟು ಅವಕಾಶ ಇರುವುದೂ ಅದೇ ಕೇಸಿನಲ್ಲಿ ಬೆಳಕಿಗೆ ಬಂತು. ನಮ್ಮ ಮನಸ್ಸಿನಲ್ಲಿ ಸೀಟು ಅಂದರೆ ಸಿಇಟಿ ರ್‍ಯಾಂಕಿನ ಲೆಕ್ಕ. ಒಂದು ಅಂಕ ಜಾಸ್ತಿ ಬಂದರೆ ಒಂದು ಮೆಟ್ಟಿಲು ಮೇಲೆ. ಅಲ್ಲಿ ಹಾಗಿಲ್ಲ. ಅವರು ಒಂದು ಬ್ಯಾಚು ಕಟ್ಟುತ್ತಾರೆ. ಅದರಲ್ಲಿ ಯಾರು ಬೇಕು ಅನ್ನೋದು ಅವರಿಗೆ ಆ ವರ್ಷ ಏನು ಕೊರತೆ ಇದೆ ಅನ್ನೋದರ ಮೇಲೆ ಹೋಗುತ್ತದೆ. ಆ ಕೊರತೆ ಏನು ಅಂತ ತೀರ್ಥಹಳ್ಳಿಯಲ್ಲಿ ಕೂತ ಹುಡುಗಿಗೆ ಗೊತ್ತಾಗುವ ದಾರಿಯೇ ಇಲ್ಲ.

ಅರ್ಜಿಯಲ್ಲಿ ಬಲ ಕಡಿಮೆ ಇದ್ದ ಜಾಗ ಒಂದಿದೆ, ಅದನ್ನೂ ಹೇಳಬೇಕು. ಕಾಲೇಜಿನ ಶಿಫಾರಸು ಪತ್ರ. ನಾಲ್ಕು ಸಾಲು, ಕೆಳಗೆ ದುಂಡನೆ ಸೀಲು. ‘ಈಕೆ ಸಿನ್ಸಿಯರ್, ಒಬೀಡಿಯಂಟ್, ರೆಗ್ಯುಲರ್. ಇವಳ ಭವಿಷ್ಯ ಉಜ್ವಲವಾಗಲಿ.’ ನಮ್ಮ ಪಿಯು ಕಾಲೇಜುಗಳಲ್ಲಿ ಇದು ಒಳ್ಳೆಯ ಪತ್ರ. ಬರೆದ ಉಪನ್ಯಾಸಕರು ಮನಸಾರೆ ಬರೆದಿದ್ದಾರೆ. ಆದರೆ ಅಮೆರಿಕದಲ್ಲಿ ಇದನ್ನು ಓದುವವರು ಎರಡು ಪುಟದ ಪತ್ರಕ್ಕೆ ಒಗ್ಗಿಕೊಂಡವರು. ತರಗತಿಯಲ್ಲಿ ಮಗು ಯಾವ ಪ್ರಶ್ನೆ ಕೇಳಿತು, ಎಲ್ಲಿ ತಪ್ಪಿತು, ತಪ್ಪಿದ ಮೇಲೆ ಏನು ಮಾಡಿತು ಅಂತ ಅದರಲ್ಲಿ ಇರಬೇಕು. ನೂರಿಪ್ಪತ್ತು ಮಕ್ಕಳ ಸೆಕ್ಷನ್ ನೋಡಿಕೊಳ್ಳುವ ಮೇಷ್ಟ್ರಿಗೆ ಹಾಗೆ ಬರೆಯಿರಿ ಅಂತ ಯಾರೂ ಹೇಳಿಕೊಟ್ಟಿಲ್ಲ. ಇದು ನಿಮ್ಮ ತಪ್ಪೂ ಅಲ್ಲ, ಅವರ ತಪ್ಪೂ ಅಲ್ಲ, ಮಗಳದ್ದಂತೂ ಅಲ್ಲವೇ ಅಲ್ಲ. ಬೆಂಗಳೂರಿನ ದುಬಾರಿ ಶಾಲೆಗಳಲ್ಲಿ ಇದಕ್ಕೇ ಅಂತ ಸಂಬಳ ಕೊಟ್ಟು ಕೌನ್ಸೆಲರನ್ನು ಇಟ್ಟುಕೊಂಡಿರುತ್ತಾರೆ. ಹದಿನಾರು ವರ್ಷದಲ್ಲಿ ನನಗೆ ತುಂಬ ಬೇಜಾರು ತಂದಿರುವ ವ್ಯತ್ಯಾಸ ಇದು.

ಇನ್ನು ಊರಿನಲ್ಲಿ ಕಿವಿಗೆ ಬೀಳುವ ಕೆಲವು ಮಾತುಗಳು. ‘ಇಷ್ಟು ಕಡೆ ರಿಜೆಕ್ಟ್ ಆದರೆ ಮುಂದೆ ವೀಸಾ ಕೊಡಲ್ಲ’ ಅಂತ ನಿಮಗೆ ಯಾರೋ ಹೇಳಿದ್ದಾರೆ. ಖಂಡಿತ ಸುಳ್ಳು. ಅಮೆರಿಕದ ವೀಸಾ ಫಾರಂನಲ್ಲಿ ‘ಅಡ್ಮಿಷನ್ ನಿರಾಕರಿಸಲಾಗಿದೆಯೇ’ ಅನ್ನೋ ಅರ್ಥದ ಒಂದು ಪ್ರಶ್ನೆ ಇದೆ, ನಿಜ. ಅಲ್ಲಿ ಅಡ್ಮಿಷನ್ ಅಂದರೆ ದೇಶದೊಳಗೆ ಬರೋದು, ಕಾಲೇಜು ಸೇರೋದಲ್ಲ. ಆ ಪದ ನೋಡಿ ಬಹಳ ಜನ ಗಾಬರಿ ಆಗುತ್ತಾರೆ. ‘ಮೇಲ್ಮನವಿ ಹಾಕಿ’ ಅನ್ನುವವರೂ ಇದ್ದಾರೆ. ಈ ದರ್ಜೆಯ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಅದನ್ನು ತೆಗೆದುಕೊಳ್ಳುವುದಿಲ್ಲ. ಆ ದಾರಿಗೆ ಸುಮ್ನೆ ಸಮಯ ಹಾಕಬೇಡಿ.

ಈಗ ಏಜೆಂಟರ ಮಾತು. ‘ಅರ್ಧ ಸ್ಕಾಲರ್‌ಶಿಪ್’ ಅನ್ನೋದು ಕೇಳೋಕೆ ದೊಡ್ಡದು. ಅಮೆರಿಕದ ಎಷ್ಟೋ ಖಾಸಗಿ ಕಾಲೇಜುಗಳಲ್ಲಿ ಬೋರ್ಡಿನ ಮೇಲೆ ಬರೆದ ಫೀಸನ್ನು ಪೂರ್ತಿ ಕಟ್ಟುವವರು ಕಡಿಮೆ. ಅರ್ಧದಷ್ಟು ಬಿಡೋದು ಅಲ್ಲಿ ಮಾಮೂಲು. ಲೆಕ್ಕ ಹಾಕಿ ನೋಡಿ. ಫೀಸು 45 ಸಾವಿರ ಡಾಲರ್ ಅಂತ ಇಟ್ಟುಕೊಳ್ಳಿ, ಅರ್ಧ ಬಿಟ್ಟರೆ ಇಪ್ಪತ್ತೆರಡೂವರೆ. ಅದಕ್ಕೆ ಊಟ, ವಸತಿ, ವಿಮೆ ಅಂತ ಇನ್ನೊಂದು 18 ಸಾವಿರ ಸೇರಿಸಿ. ನಲವತ್ತು ಸಾವಿರ ಡಾಲರ್ ದಾಟಿತು. ವರ್ಷಕ್ಕೆ 34 ಲಕ್ಷ, ನಾಲ್ಕು ವರ್ಷಕ್ಕೆ 1 ಕೋಟಿ 36 ಲಕ್ಷ. ಡಾಲರ್ ಏರಿದರೆ ಇನ್ನೂ ಜಾಸ್ತಿ. ರೋಗ ಬಿದ್ದ ನಾಲ್ಕು ಎಕರೆ ತೋಟ ಇದನ್ನು ಹೊರುತ್ತದಾ? ಶಿಕ್ಷಣ ಸಾಲದಲ್ಲಿ ಏಳೂವರೆ ಲಕ್ಷದ ಮೇಲೆ ಹೋದರೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿ ಅಡ ಕೇಳುತ್ತವೆ. ಆದರೆ ಬಹಳಷ್ಟು ಬ್ಯಾಂಕುಗಳು ಇದಕ್ಕೆ ಕೃಷಿ ಜಮೀನು ಒಪ್ಪುವುದಿಲ್ಲ. ಆಗ ಉಳಿಯೋದು ಕೈಸಾಲ, ಇಲ್ಲವೇ ತೋಟ ಮಾರಾಟ. ಇಂಥ ಎರಡು ಮನೆಗಳನ್ನು ಹತ್ತಿರದಿಂದ ನೋಡಿದ್ದೇನೆ. ಒಂದು ಮನೆಯ ಹುಡುಗ ಎರಡನೇ ವರ್ಷದ ಫೀಸು ಕಟ್ಟಲಾಗದೆ ವಾಪಸ್ ಬಂದ. ಬಂದ ಮೇಲೆ ಅವನು ಅಪ್ಪನ ಎದುರಿಗೆ ಕೂತು ಊಟ ಮಾಡೋದನ್ನೇ ಬಿಟ್ಟಿದ್ದ. ದಯವಿಟ್ಟು ತೋಟ ಅಡ ಇಡಬೇಡಿ. ಆ ಮೂರು ಲಕ್ಷವನ್ನೂ ಕೊಡಬೇಡಿ.

ಕಾರ್ನೆಲ್‌ನ ವೇಟಿಂಗ್ ಲಿಸ್ಟ್ ವಿಷಯ. ಆ ಪಟ್ಟಿಯಲ್ಲಿ ಉಳಿಯಲು ಇಷ್ಟ ಇದೆ ಅಂತ ಅವರ ಪೋರ್ಟಲ್‌ನಲ್ಲಿ ಒತ್ತಿ. ಅವರು ಕೇಳಿದರೆ ಒಂದು ಪುಟದ ಕಾಗದ ಬರೆಯಲಿ, ಅರ್ಜಿ ಹಾಕಿದ ಮೇಲೆ ಏನು ಹೊಸದಾಗಿ ಮಾಡಿದಳು ಅಂತ. ಅಷ್ಟು ಸಾಕು. ಫೋನು ಮಾಡೋದು, ಯಾರಿಂದಲೋ ಹೇಳಿಸೋದು ಬೇಡ. ನೆರವು ಕೇಳಿದ ಹೊರದೇಶದ ಮಕ್ಕಳಿಗೆ ಈ ಹಂತದಲ್ಲಿ ಅವಕಾಶ ತುಂಬ ಸಣ್ಣದು, ಆ ಹೊತ್ತಿಗೆ ಗಂಟು ಬಹುಪಾಲು ಖಾಲಿಯಾಗಿರುತ್ತದೆ. ಸಿಗುವುದಿಲ್ಲ ಅಂದುಕೊಂಡೇ ಮುಂದಿನ ಕೆಲಸ ನೋಡಿ.

ಮುಂದಿನ ಕೆಲಸದಲ್ಲಿ ಆಯ್ಕೆ ಮುಖ್ಯವಾಗಿ ಎರಡು. ಒಂದು ವರ್ಷ ಬಿಟ್ಟು ಮತ್ತೆ ಅರ್ಜಿ ಹಾಕೋದು. ಇಲ್ಲವೇ ಇಲ್ಲೇ ಸೇರಿ, ಹೊರದೇಶವನ್ನು ಪಿಎಚ್‌ಡಿಗೆ ಇಟ್ಟುಕೊಳ್ಳೋದು. ಮತ್ತೆ ಹಾಕೋದಕ್ಕೆ ಅಡ್ಡಿ ಇಲ್ಲ, ಹೋದ ವರ್ಷ ಇಲ್ಲ ಅಂದಿದ್ದನ್ನು ಯಾರೂ ಕಪ್ಪು ಚುಕ್ಕೆ ಅಂತ ನೋಡುವುದಿಲ್ಲ. ಆದರೆ ಅರ್ಜಿಯಲ್ಲಿ ನಿಜವಾಗಿ ಏನೋ ಬದಲಾಗಿರಬೇಕು. ಬರೀ ಪ್ರಬಂಧ ತಿದ್ದಿದರೆ ಉತ್ತರವೂ ಬಹುಶಃ ಅದೇ ಬರುತ್ತದೆ. ಇನ್ನೊಂದು ಅಪಾಯವನ್ನು ಯಾರೂ ಮೊದಲೇ ಹೇಳುವುದಿಲ್ಲ. ಇಲ್ಲಿ ಡಿಗ್ರಿಗೆ ಸೇರಿಕೊಂಡು ಪಕ್ಕದಲ್ಲಿ ಅಲ್ಲಿಗೂ ಹಾಕೋಣ ಅಂದರೆ, ಬಹಳ ಕಡೆ ಅವಳನ್ನು ಹೊಸ ವಿದ್ಯಾರ್ಥಿ ಅಂತ ನೋಡದೆ ಟ್ರಾನ್ಸ್‌ಫರ್ ವಿದ್ಯಾರ್ಥಿ ಅಂತ ನೋಡುತ್ತಾರೆ. ಆ ಸೀಟುಗಳು ಇನ್ನೂ ಕಡಿಮೆ, ನೆರವು ಅದಕ್ಕಿಂತ ಕಡಿಮೆ. ಅಂದರೆ ಮತ್ತೆ ಹಾಕಬೇಕಾದರೆ ನಿಜವಾಗಿಯೂ ಒಂದು ವರ್ಷ ಮನೆಯಲ್ಲಿ ಇರಬೇಕು. ಈಗಿನ ಅವಳ ಮನಸ್ಥಿತಿಯಲ್ಲಿ ಅದು ಬೇಡ ಅಂತ ನನಗೆ ಅನಿಸುತ್ತದೆ.

ಎರಡನೇ ದಾರಿಯ ಬಗ್ಗೆ ನನಗೆ ಜಾಸ್ತಿ ನಂಬಿಕೆ ಇದೆ. ಕಾರಣ ಹೇಳುತ್ತೇನೆ. 2023-24ರಲ್ಲಿ ಅಮೆರಿಕದಲ್ಲಿ 3,31,602 ಭಾರತೀಯ ವಿದ್ಯಾರ್ಥಿಗಳು ಇದ್ದರು. ಅವರಲ್ಲಿ ಪಿಯುಸಿ ಮುಗಿಸಿ ನೇರ ಡಿಗ್ರಿಗೆ ಹೋದ ಥರದವರು 36 ಸಾವಿರ ಅಷ್ಟೇ. ಎರಡು ಲಕ್ಷದ ಹತ್ತಿರ ಜನ ಮಾಸ್ಟರ್ಸ್, ಪಿಎಚ್‌ಡಿ ಮಾಡುವವರು. ನಮ್ಮವರಿಗೆ ದೊಡ್ಡ ಬಾಗಿಲು ತೆರೆಯೋದು ಡಿಗ್ರಿ ಆದ ಮೇಲೆ. ಅದರಲ್ಲೂ ವಿಜ್ಞಾನದ ಪಿಎಚ್‌ಡಿಯಲ್ಲಿ ದುಡ್ಡು ಉಲ್ಟಾ ಹರಿಯುತ್ತದೆ. ಸಾಮಾನ್ಯವಾಗಿ ಫೀಸು ಅವರೇ ಬಿಡುತ್ತಾರೆ, ಪಾಠ ಮಾಡಿದ್ದಕ್ಕೋ ಲ್ಯಾಬಿನಲ್ಲಿ ಕೆಲಸ ಮಾಡಿದ್ದಕ್ಕೋ ತಿಂಗಳು ತಿಂಗಳು ಭತ್ಯೆ ಕೊಡುತ್ತಾರೆ. ನಿಮ್ಮ ಆದಾಯ ಎಷ್ಟು ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಇದರಲ್ಲೂ ಅಪಾಯ ಇಲ್ಲದಿಲ್ಲ. 2025ರಲ್ಲಿ ಅಮೆರಿಕ ಸರ್ಕಾರ ಸಂಶೋಧನೆಯ ಹಣ ಕಡಿತ ಮಾಡಿದಾಗ ಕೆಲವು ವಿಶ್ವವಿದ್ಯಾಲಯಗಳು ಪಿಎಚ್‌ಡಿ ಸೀಟು ಕಡಿಮೆ ಮಾಡಿದವು. ಅವಳು ಅಲ್ಲಿಗೆ ತಲುಪೋಕೆ ಇನ್ನೂ ನಾಲ್ಕೈದು ವರ್ಷ ಇದೆ, ಜೊತೆಗೆ ಯುರೋಪಿನ ಲ್ಯಾಬುಗಳೂ ಇವೆ.

ಅದಕ್ಕೆ ಇಲ್ಲಿ ಏನು ಓದಬೇಕು? ಅವಳ ಆಸಕ್ತಿ ನೋಡಿದರೆ ಮೊದಲ ಹೆಸರು ಐಸರ್, ಅಂದರೆ ವಿಜ್ಞಾನದ ಓದಿಗೂ ಸಂಶೋಧನೆಗೂ ಇರುವ ಕೇಂದ್ರ ಸರ್ಕಾರದ ಸಂಸ್ಥೆ. ಪುಣೆ, ತಿರುಪತಿ, ತಿರುವನಂತಪುರ ಸೇರಿ ದೇಶದಲ್ಲಿ ಏಳಿವೆ. ಪ್ರವೇಶಕ್ಕೆ ಐಎಟಿ ಅನ್ನೋ ಪರೀಕ್ಷೆ. ಬೆಂಗಳೂರಿನ ಐಐಎಸ್‌ಸಿಯ ನಾಲ್ಕು ವರ್ಷದ ಬಿಎಸ್ ಕೋರ್ಸಿಗೂ ಅದೇ ಪರೀಕ್ಷೆಯ ಅಂಕ ನಡೆಯುತ್ತದೆ. ಅರ್ಜಿಯ ಗಡುವು ಇನ್ನೂ ಇದ್ದರೆ ಇವತ್ತೇ ಹಾಕಿ, ನಾಳೆಗೆ ಬಿಡಬೇಡಿ. ಇಲ್ಲಿನ ಒಂದು ವರ್ಷದ ಫೀಸು ಹಾರ್ವರ್ಡಿನ ಒಂದು ತಿಂಗಳ ಖರ್ಚಿಗಿಂತ ಕಡಿಮೆ. ಸಿಇಟಿಯನ್ನೂ ಬಿಡಬಾರದು. ಬಿಎಸ್ಸಿ ಅಗ್ರಿ, ತೋಟಗಾರಿಕೆ ಸೀಟುಗಳಲ್ಲಿ ಕೃಷಿಕರ ಮಕ್ಕಳಿಗೆ ಮೀಸಲು ಇದೆ. ನಿಮ್ಮ ಜಿಲ್ಲೆಯ ಇರುವಕ್ಕಿಯಲ್ಲೇ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಇದೆ. ಜರ್ಮನಿ ಬಗ್ಗೆಯೂ ಕೇಳಿದ್ದೀರಿ. ಅಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳ ಫೀಸು ಕಡಿಮೆ, ಆದರೆ ಬರೀ ಪಿಯುಸಿ ಮೇಲೆ ನೇರ ಸೀಟು ಸಿಗೋದು ಕಷ್ಟ. ಖರ್ಚಿಗೆ ಅಂತ ವರ್ಷಕ್ಕೆ ಹನ್ನೊಂದೂ ಮುಕ್ಕಾಲು ಸಾವಿರ ಯೂರೋ ಮೇಲೆ ಮೊದಲೇ ಖಾತೆಯಲ್ಲಿ ಇಟ್ಟು ತೋರಿಸಬೇಕು. ಈ ವರ್ಷಕ್ಕೆ ಅದು ನಿಮ್ಮ ದಾರಿ ಅಲ್ಲ.

ಇಷ್ಟೆಲ್ಲ ಅವಳಿಗೆ ಇವತ್ತೇ ಹೇಳಬೇಡಿ. ಇದು ನಿಮಗೆ. ಎಂಐಟಿ ಫಲಿತಾಂಶ ಬರೋದು ಮಾರ್ಚ್ 14ಕ್ಕೆ, ಅಲ್ಲಿಯ ಸಂಜೆ 6:28ಕ್ಕೆ. ನಮಗೆ ಆಗ ಬೆಳಗಿನ ಜಾವ 3:58. ಹಾರ್ವರ್ಡ್, ಯೇಲ್ ಎಲ್ಲ ಮಾರ್ಚ್ ಕೊನೆಯಲ್ಲಿ, ಅದೂ ಇಂಥದ್ದೇ ಹೊತ್ತಿನಲ್ಲಿ. ಮನೆಯವರೆಲ್ಲ ಮಲಗಿರುವಾಗ, ನೆಟ್‌ವರ್ಕ್ ಸಿಗುವ ಜಗಲಿಯ ಮೂಲೆಯಲ್ಲಿ, ಕತ್ತಲಲ್ಲಿ ಫೋನು ಹಿಡಿದು ಅವಳು ಒಬ್ಬಳೇ ಓದಿದ್ದಾಳೆ. ಬೆಳಿಗ್ಗೆ ನಿಮಗೆ ಕಾಫಿ ಕೊಡುವಾಗ ‘ಆಗಲಿಲ್ಲ ಅಪ್ಪ’ ಅಂದಳು ಅಂತ ಬರೆದಿದ್ದೀರಿ. ಎರಡು ವರ್ಷ ಒಂದು ಜೀವನವನ್ನು ಕಣ್ಣ ಮುಂದೆ ಕಟ್ಟಿಕೊಂಡಿದ್ದವಳಿಗೆ ಅದು ಹೋಗಿಬಿಟ್ಟಿದೆ. ಅವಳ ದುಃಖ ದೊಡ್ಡದಾಗಿರೋದು ಸರಿಯೇ. ‘ಆಗೋದೆಲ್ಲ ಒಳ್ಳೇದಕ್ಕೆ’ ಅನ್ನಬೇಡಿ. ‘ನಿನಗಿಂತ ಕಷ್ಟದಲ್ಲಿ ಇರುವವರನ್ನು ನೋಡು’ ಅಂತಲೂ ಬೇಡ. ‘ತುಂಬ ಬೇಜಾರಾಗಿದೆ ಅಲ್ವಾ, ನನಗೂ ಆಗಿದೆ’ ಅನ್ನಿ. ನೀವು ಹಾಗೆ ಹೇಳಿದರೆ ಅವಳು ಮಾತಾಡುತ್ತಾಳೆ. ದುಡ್ಡಿನ ವಿಷಯವನ್ನೂ ನೀವೇ ಬಾಯಿಬಿಟ್ಟು ಹೇಳಿ. ನೀವು ಅವಳಿಗಾಗಿ ನೋಯುತ್ತಿರುವ ಹಾಗೆ, ‘ನನ್ನಿಂದ ಅಪ್ಪನಿಗೆ ಖರ್ಚಾಯಿತು’ ಅಂತ ಅವಳೂ ಒಳಗೇ ಕೊರಗುತ್ತಿರಬಹುದು. ಇಂಥ ಮನೆಗಳಲ್ಲಿ ಅದನ್ನು ಎಷ್ಟೋ ಸಲ ನೋಡಿದ್ದೇನೆ.

ನೆಂಟರನ್ನು ನೀವು ನೋಡಿಕೊಳ್ಳಿ. ‘ಅಮೆರಿಕಕ್ಕೆ ಯಾವಾಗ?’ ಅಂತ ಕೇಳಿದರೆ ‘ಈ ವರ್ಷ ಆಗಲಿಲ್ಲ, ಇಲ್ಲೇ ಸೇರ್ತಾಳೆ’ ಅಂತ ನೀವೇ ಒಂದೇ ಮಾತಿನಲ್ಲಿ ಹೇಳಿ ಮುಗಿಸಿ. ಅವಳ ತನಕ ಆ ಪ್ರಶ್ನೆ ಹೋಗಬಾರದು.

ಊಟ, ನಿದ್ದೆ ಹತ್ತು ದಿನದಿಂದ ಸರಿ ಇಲ್ಲ ಅಂದಿದ್ದೀರಿ. ಇನ್ನೂ ಕೆಲವು ದಿನ ಹೀಗೇ ಮುಂದುವರಿದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ‘ನಾನಿದ್ದು ಏನು ಪ್ರಯೋಜನ’ ಅನ್ನೋ ಥರದ ಮಾತು ಒಂದು ಸಲ ಬಂದರೂ ಕಾಯಬೇಡಿ, ಅವಳನ್ನು ಒಬ್ಬಳೇ ಬಿಡಬೇಡಿ, 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ನೀವೇ ಮಾಡಿ ಕೇಳಬಹುದು, ಅವಳೇ ಮಾಡಬೇಕು ಅಂತ ಇಲ್ಲ.

ಕೊನೆಗೆ ಅವಳ ಪ್ರಬಂಧ. ತೋಟದ ಹನ್ನೆರಡು ಮರಗಳಿಗೆ ನಂಬರ್ ಬರೆದು, ರಜೆಗೆ ಬಂದಾಗಲೆಲ್ಲ ಒಂದೊಂದು ಮರದ ಕೆಳಗಿನ ಸೋಗೆಯಲ್ಲಿ ಎಷ್ಟು ಚುಕ್ಕೆ ಇದೆ ಅಂತ ಎಣಿಸಿದ್ದಾಳೆ. ಅವಳು ಹಾಸ್ಟೆಲಿಗೆ ಹೋದ ವಾರಗಳಲ್ಲಿ ನೀವು ಎಣಿಸಿ ಫೋನಿನಲ್ಲಿ ಹೇಳಿದ್ದೀರಿ. ಮಳೆ ಎಷ್ಟು ಬಿತ್ತು ಅಂತ ಪಕ್ಕದಲ್ಲೇ ಬರೆದಿದ್ದಾಳೆ. ಎರಡು ಮಳೆಗಾಲದ ಲೆಕ್ಕ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿದೆ. ಇದು ಅರ್ಜಿಗೋಸ್ಕರ ಮಾಡಿದ ಕೆಲಸ ಅಲ್ಲ ಅಂತ ಓದಿದ ಯಾರಿಗಾದರೂ ಗೊತ್ತಾಗುತ್ತದೆ. ಆ ನೋಟ್‌ಬುಕ್ಕನ್ನು ಇರುವಕ್ಕಿಯಲ್ಲಿ ಸಸ್ಯರೋಗ ವಿಭಾಗದವರಿಗೆ ತೋರಿಸಿ. ವಿಟ್ಲದಲ್ಲಿರುವ ತೋಟದ ಬೆಳೆಗಳ ಸಂಶೋಧನಾ ಕೇಂದ್ರ ಸಿಪಿಸಿಆರ್‌ಐಗೂ ಅದರ ಕೆಲವು ಪುಟದ ಫೋಟೋ ತೆಗೆದು ಕಳಿಸಬಹುದು. ಅಡಿಕೆಯ ರೋಗಗಳ ಮೇಲೆ ಕೆಲಸ ಮಾಡುವವರು ಅಲ್ಲಿದ್ದಾರೆ. ಎಣಿಸುವ ಕ್ರಮದಲ್ಲಿ ಏನು ತಿದ್ದಬೇಕು ಅಂತ ಅವರನ್ನು ಅವಳೇ ಕೇಳಲಿ. ಎಲೆಚುಕ್ಕಿ ರೋಗ ತರುವ ಶಿಲೀಂಧ್ರ ಹೆಚ್ಚಾಗಿ ಮಳೆಯ ಹನಿಯ ಜೊತೆಗೆ ಹರಡೋದು. ಮುಂಗಾರಿಗೆ ಇನ್ನು ಎರಡು ತಿಂಗಳು ಇಲ್ಲ, ಅಷ್ಟರೊಳಗೆ ಮರಗಳ ನಂಬರ್ ಮಾಸಿದ್ದರೆ ಮತ್ತೆ ಬರೆಯಬೇಕಾಗುತ್ತದೆ.